ಅನ್ನಗ್ರಹಕ್ಕೆ ಬಂದವರು

ತಪ್ಪು ಮೈಕಿನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಇವತ್ತಿಗೂ ತಪ್ಪೆಲ್ಲ ನನ್ನ ನಾಲಿಗೆಯದೇ ಎಂದು ತೀರ್ಮಾನವಾಗಿದೆ. ಮದುವೆ, ಜವಳ, ಎಲೆಕ್ಷನ್ನು ಎಂದು ಊರೂರು ಅಲೆದು ಒದರಿ ಒದರಿ ಗಂಟಲು ಕೆಟ್ಟ ಮೈಕು ಅದು. ಅದರೊಳಗೆ ಹೋದ ಒತ್ತಕ್ಷರ ನೆಟ್ಟಗೆ ಹೊರಗೆ ಬರುತ್ತಿರಲಿಲ್ಲ.

ನಾನು ಬಳಗಾನೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮನೆ ಸಿಂಧನೂರಿನಲ್ಲಿ, ದಿನಾ ಬಸ್ಸಿನಲ್ಲಿ ಹೋಗಿಬರುವುದು. ಎರಡು ವರ್ಷದ ಹಿಂದೆ ಶಾಲೆಯಲ್ಲಿ ಪಾಲಕರ ಸಭೆ ಕರೆದಿದ್ದರು. ಸಭೆಗೆ ಬರುವ ಚಹಾ ಯಾವತ್ತೂ ತಡ. ಅದಕ್ಕೇ ಹೆಡ್‌ಮಾಸ್ತರರು, "ಮೇಡಂ, ಚಾ ಬರೋತನ ಅರ್ಧ ತಾಸು ಏನರ ವಿಜ್ಞಾನದ್ದು ಮಾತಾಡ್ರಿ" ಎಂದರು. ಅರ್ಧ ತಾಸು ಸಿಕ್ಕರೆ ನಾನು ಬಿಡುವವಳೇ? ಭೂಮಿಯ ಆಚೆ ಜೀವ ಇದೆಯೋ ಇಲ್ಲವೋ ಎಂಬ ವಿಷಯವನ್ನೇ ಎತ್ತಿಕೊಂಡೆ. ವಿಷಯದ ಹೆಸರು 'ಅನ್ಯಗ್ರಹ ಜೀವಿಗಳು'. ಮೈಕು ಅದನ್ನು 'ಅನ್ನಗ್ರಹ ಜೀವಿಗಳು' ಎಂದು ಊರಿಗೆಲ್ಲ ಕೇಳಿಸಿತು.

ಮೊದಲ ಸಾಲಿನಲ್ಲಿ ನನ್ನ ಅತ್ತೆ ಕೂತಿದ್ದರು. ಅವರು ಯಾರ ಪಾಲಕರೂ ಅಲ್ಲ. ಅವತ್ತು ವಳಕಮದಿನ್ನಿಯ ನಮ್ಮ ಹೊಲಕ್ಕೆ ಹೊರಟವರು, ಸೊಸೆ ಮೈಕಿನಲ್ಲಿ ಮಾತಾಡುತ್ತಾಳೆಂದು ಕೇಳಿ ಇಳಕಲ್ ಸೀರೆ ಉಟ್ಟು ನನ್ನ ಜೊತೆಗೇ ಬಸ್ಸು ಹತ್ತಿದ್ದರು. ಕುರ್ಚಿ ಮೇಲೆ ಕಾಲು ಮಡಚಿ ಕೂತು, ಸೆರಗು ತಲೆ ತುಂಬ ಹೊದ್ದು, ಪುರಾಣ ಕೇಳುವವರ ಹಾಗೆ ತಯಾರಾಗಿದ್ದರು.

ಮಾತು ಜನಕ್ಕೆ ತಿಳಿಯಲಿ ಎಂದು ನಾನು ಭತ್ತದ ಊರಿಗೆ ಭತ್ತದ ಲೆಕ್ಕವನ್ನೇ ಹೇಳಿದೆ. "ಸಿಂಧನೂರಿನ ಎಲ್ಲ ರೈಸ್‌ಮಿಲ್ಲಿನ ಗೋದಾಮುಗಳನ್ನು ನೆನಪು ಮಾಡಿಕೊಳ್ಳಿ. ಅಲ್ಲಿರುವ ಅಷ್ಟೂ ಚೀಲದ ಅಷ್ಟೂ ಅಕ್ಕಿಯಲ್ಲಿ ಒಂದೇ ಒಂದು ಕಾಳು ನಮ್ಮ ಭೂಮಿ. ಆ ಒಂದು ಕಾಳಿನಲ್ಲಿ ಹುಳ ಇದೆ, ಆ ಹುಳ ನಾವು. ಹಾಗಾದರೆ ಉಳಿದ ಚೀಲಗಳಲ್ಲಿ ಹುಳ ಇಲ್ಲ ಅಂತ ಹೇಳಲು ಬರುತ್ತದೆಯೇ?"

ಹಿಂದಿನ ಸಾಲಿನಿಂದ ಅಕ್ಕಿ ವ್ಯಾಪಾರಿಯೊಬ್ಬರು ಧಡಕ್ಕನೆ ಎದ್ದರು. "ಮೇಡಂ, ಹಂಗೆಲ್ಲ ಮೈಕಿನ್ಯಾಗ ಹೇಳಬ್ಯಾಡ್ರಿ. ನಮ್ಮ ಗೋದಾಮಿನ್ಯಾಗ ಒಂದು ಹುಳ ಇಲ್ಲ. ಬೇಕಾದ್ರ ಈಗ ಬಂದು ನೋಡ್ರಿ."

ಸಭೆ ಹೋ ಎಂದು ನಕ್ಕಿತು. ಅವರನ್ನು ಕೂರಿಸುವಷ್ಟರಲ್ಲಿ ನನಗೆ ಬೆವರು. ಪುಣ್ಯಾತ್ಮ, ಇಡೀ ಬ್ರಹ್ಮಾಂಡದ ಮಾತು ನಡೆಯುವಾಗ ಇವರಿಗೆ ಗೋದಾಮಿನ ಚಿಂತೆ! ಸಿಟ್ಟು ನುಂಗಿಕೊಂಡು ಮುಂದುವರಿಸಿದೆ. ವಿಜ್ಞಾನಿಗಳು ಪರಾತದಂಥ ದೊಡ್ಡ ದೊಡ್ಡ ಆಂಟೆನಾ ಇಟ್ಟುಕೊಂಡು ಆಕಾಶಕ್ಕೆ ಕಿವಿಗೊಟ್ಟು ಕೂತಿರುವುದನ್ನು ಹೇಳಿದೆ. ಇಲ್ಲಿಂದಲೂ ಒಮ್ಮೊಮ್ಮೆ ಕರೆ ಕಳಿಸಿದ್ದಾರೆ, ಆ ಕರೆ ಇನ್ನೂ ಹೋಗುತ್ತಲೇ ಇದೆ ಎಂದೆ.

ಆಗ ಅತ್ತೆ ಕೂತಲ್ಲಿಂದಲೇ ಕೇಳಿದರು. "ಓ ಅಂದಾರೇನಬೇ ಯಾರರ?"

ಶಾಲೆಯ ಮಕ್ಕಳ ಮುಂದೆ, ಮೈಕಿನ ಮುಂದೆ ನನಗೆ ಮನೆಯ ಸಲಿಗೆಯ 'ಬೇ'! ಮಕ್ಕಳು ಬಾಯಿಗೆ ಕೈ ಹಚ್ಚಿ ಕಿಸಕ್ ಎಂದವು. ನಾನು ಗಂಭೀರವಾಗಿ, "ಇಲ್ಲ, ಇನ್ನೂ ಯಾರೂ ಓ ಅಂದಿಲ್ಲ" ಎಂದೆ.

"ಅಯ್ಯ ಪಾಪ" ಎಂದರು ಅತ್ತೆ. ಅದು ಕರೆದವರಿಗೋ, ಓ ಅನ್ನದವರಿಗೋ ತಿಳಿಯಲಿಲ್ಲ.

ಚಹಾದ ಡಬರಿ ಬಾಗಿಲಲ್ಲಿ ಕಾಣಿಸಿತು. ನಾನು ಗಡಿಬಿಡಿಯಲ್ಲಿ ಕೊನೆಯ ಮಾತಿಗೆ ಬಂದೆ. ಅಂಥ ಜೀವಿ ಒಂದು ವೇಳೆ ಇಲ್ಲಿಗೆ ಬಂದರೆ ಅದಕ್ಕೆ ನಮ್ಮ ಗಾಳಿ ಒಗ್ಗಲಿಕ್ಕಿಲ್ಲ, ನೀರು ಒಗ್ಗಲಿಕ್ಕಿಲ್ಲ, ನಾವು ಉಣ್ಣುವುದನ್ನು ಉಂಡರೆ ಅದರ ಹೊಟ್ಟೆ ಕೆಡಬಹುದು ಎಂದೆ. ನಮ್ಮ ಮಾತು ಅದಕ್ಕೆ ತಿಳಿಯುವುದಿಲ್ಲ, ಅದರ ಮಾತು ಕೇಳಿ ನಾವು ನಗಬಹುದು, ನೋಡಲಿಕ್ಕೆ ಜನ ಮುಗಿಬೀಳುತ್ತಾರೆ, ಆದರೆ ಅದರ ಒಳಗಿನ ಸಂಕಟ ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ನೋಡುತ್ತೇನೆ, ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ! ಇಪ್ಪತ್ತು ವರ್ಷದ ನೌಕರಿಯಲ್ಲಿ ನನ್ನ ವಿಜ್ಞಾನದ ಪಾಠಕ್ಕೆ ಅತ್ತವರು ನಪಾಸಾದವರು ಮಾತ್ರ. ಹಿಗ್ಗಿ ಹೀರೇಕಾಯಿಯಾದೆ.

ಹಿಗ್ಗು ಬಸ್ಸು ಹತ್ತುವ ತನಕ ಇತ್ತು. ಕಿಟಕಿ ಪಕ್ಕ ಕೂತ ಅತ್ತೆ ನನ್ನ ಮೊಣಕೈ ಚಿವುಟಿದರು.

"ಅಷ್ಟು ಮಂದಿ ಮುಂದ ನನ್ನ ಕಥಿ ಹೇಳಿಬಿಟ್ಟೆಲ್ಲಬೇ. ಮದಲ ಒಂದು ಮಾತು ಕೇಳಬಾರದಿತ್ತೇನು?"

"ನಿಮ್ಮ ಕಥಿ ನಾ ಎಲ್ಲಿ ಹೇಳಿದ್ನಿರಿ ಅತ್ತಿ?"

"ಮತ್ತ? ಅನ್ನಗ್ರಹಕ್ಕ ಬಂದು ಹೊಟ್ಟಿ ಕೆಟ್ಟಿದ್ದು ಯಾರಿಗಿ? ಮಂದಿ ನಕ್ಕಿದ್ದು ಯಾರಿಗಿ ನೋಡಿ?"

ಅತ್ತೆ ಮಸ್ಕಿಯ ಕಡೆಯ ಒಣಬೇಸಾಯದ ಮನೆಯ ಹುಡುಗಿ. ಜೋಳ ತಿಂದು ಬೆಳೆದವರು. ಮದುವೆಯಾಗಿ ಕಾಲುವೆಯ ನೀರಿನ ಈ ಸೀಮೆಗೆ ಬಂದಾಗ ಮುಂಜಾನೆ ಅನ್ನ, ಸಂಜೆ ಅನ್ನ. "ಎಷ್ಟು ಉಂಡ್ರೂ ಉಂಡಂಗ ಆಗ್ತಿದ್ದಿಲ್ಲ. ಹೊಟ್ಟಿ ಡಬ್ಬ ಆಗ್ತಿತ್ತು. ಕಾಲಿಟ್ಟಲ್ಲೆಲ್ಲ ಕೆಸರು. ಕಪ್ಪಿ ಒದರೋದು ಕೇಳಿ ನಿದ್ದಿ ಇಲ್ಲ. ಭತ್ತ ಬೆಳಿಯಾಕ ಆಂಧ್ರದಿಂದ ಬಂದ ಕ್ಯಾಂಪಿನ ತೆಲುಗು ಹೆಣಮಕ್ಕಳು ಬಂದು 'ಚೆಪ್ಪು, ಚೆಪ್ಪು' ಅಂದ್ರು. ಚಪ್ಪಲಿ ಕೇಳಾಕತ್ತಾರ ಅಂತ ನನ್ನ ಚಪ್ಪಲಿ ತಂದು ಮುಂದಿಟ್ಟೆ. ಅವ್ರು ಕೇಳಿದ್ದು ಮಾತಾಡು ಅಂತ! ಬಿದ್ದು ಬಿದ್ದು ನಕ್ಕರು. ನಾ ರೊಟ್ಟಿ ಬಡಿಯೋದು ನೋಡಾಕ ಸಾಲು ಹಚ್ಚಿ ನಿಲ್ತಿದ್ರು. ಎಲ್ಲಾ ಬರೋಬ್ಬರಿ ಹೇಳಿದಿ. ನಿನಗ ಯಾರು ಹೇಳಿದ್ರು, ಇದ್ದಾಗ ನಿಮ್ಮ ಮಾವ ಹೇಳಿದ್ರೇನು?"

ನಾನು ಶಿಕ್ಷಕಿ. ತಿದ್ದದೆ ಇರಲಾರೆ. "ಅತ್ತಿ, ಅದು ಅನ್ನ ಅಲ್ರಿ, ಅನ್ಯ. ಅನ್ಯಗ್ರಹ."

"ಅನ್ಯ ಅಂದ್ರೇನು?"

"ಬ್ಯಾರೇದು. ನಮ್ಮದಲ್ಲದ್ದು."

ಅತ್ತೆ ಒಂದು ಗಳಿಗೆ ಕಿಟಕಿಯ ಹೊರಗೆ ಗದ್ದೆ ನೋಡಿದರು. "ಹಂಗಾರ ಎರಡೂ ಒಂದ ಆತಲ್ಲ" ಎಂದರು.

ಈಗ ದಿಬ್ಬದ ವಿಷಯ ಹೇಳಬೇಕು. ವಳಕಮದಿನ್ನಿಯಲ್ಲಿ ನಮ್ಮ ಗದ್ದೆಯ ನಟ್ಟನಡುವೆ ಒಂದು ಮಣ್ಣಿನ ದಿಬ್ಬ ಇದೆ, ಹತ್ತಿಪ್ಪತ್ತು ಹೆಜ್ಜೆ ಅಗಲದ್ದು. ಕಾಲುವೆಯ ನೀರು ಅದರ ಸುತ್ತ ಬರುತ್ತದೆ, ಮೇಲೆ ಹತ್ತುವುದಿಲ್ಲ. ಹೊಸ ಸೊಸೆಯಾಗಿದ್ದ ಅತ್ತೆ ಅನ್ನದ ತಟ್ಟೆ ಮುಂದೆ ಕೂತು ಅಳುವುದನ್ನು ನೋಡಲಾರದೆ ಮಾವನವರು, "ಆ ದಿಬ್ಬ ನಿನ್ನದು. ಅದನ್ನ ಮಸ್ಕಿ ಅಂತ ತಿಳ್ಕೋ" ಎಂದರಂತೆ. ಮರುದಿನವೇ ಅತ್ತೆ ತವರಿನಿಂದ ಜೋಳದ ಬೀಜ ತರಿಸಿ ಅಲ್ಲಿ ಬಿತ್ತಿದರು. ಅಂದಿನಿಂದ ದಿಬ್ಬದ ಹೆಸರೇ ಮಸ್ಕಿ. "ಅವ್ವ ಎಲ್ಲಿ?" ಎಂದರೆ "ಮಸ್ಕಿಗಿ ಹೋಗ್ಯಾಳ" ಎನ್ನುವುದು ನಮ್ಮ ಮನೆಯ ಮಾತು. ನಾನು ಮದುವೆಯಾದ ಹೊಸದರಲ್ಲಿ ಅದನ್ನು ನಂಬಿ, ಅತ್ತೆ ಊರಲ್ಲಿಲ್ಲ ಎಂದು ಟಿವಿ ಹಾಕಿಕೊಂಡು ಹಾಯಾಗಿ ಕಾಲು ಚಾಚಿ ಕೂತು ಸಿಕ್ಕಿಬಿದ್ದಿದ್ದೇನೆ.

ನನಗೆ ಆ ದಿಬ್ಬ ಕಂಡರೆ ಆಗುತ್ತಿರಲಿಲ್ಲ. ಅಲ್ಲಿ ಹಾವಿನ ಪೊರೆ, ಇಲಿ ಬಿಲ, ಮುಳ್ಳು. ಬೆಳೆದ ಜೋಳದಲ್ಲಿ ಮುಕ್ಕಾಲು ಹಕ್ಕಿಯ ಹೊಟ್ಟೆಗೆ. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಅತ್ತೆ ಅಲ್ಲಿಯೇ ಚರಗ ಚೆಲ್ಲುವುದು. ಮನೆಯಲ್ಲಿ ಮಾಡಿದ ಕಡುಬು, ರೊಟ್ಟಿ, ಪಲ್ಯ, ಜೋಳದ ಬಾನ ಎಲ್ಲ ಕಲಸಿ ಬುಟ್ಟಿಯಲ್ಲಿ ಹಿಡಿದು ಒಬ್ಬರು "ಹುಲ್ಲುಲ್ಲಿಗೋ" ಎಂದು ಕೂಗುತ್ತ ಹೊಲದ ತುಂಬ ಚೆಲ್ಲುತ್ತ ಹೋಗಬೇಕು. ಹಿಂದಿನಿಂದ ಇನ್ನೊಬ್ಬರು ತಂಬಿಗೆಯಿಂದ ನೀರು ಚಿಮುಕಿಸುತ್ತ "ಚಳ್ಳಂಬ್ರಿಗೋ" ಎಂದು ಓಗೊಡಬೇಕು. ಊರಿಗೊಂದು ಥರ ಕೂಗುತ್ತಾರೆ, ಅರ್ಥ ಮಾತ್ರ ಯಾರಿಗೂ ಗೊತ್ತಿಲ್ಲ. ಮೊದಲ ವರ್ಷ ಮಾವನವರು ತಂಬಿಗೆ ನನ್ನ ಕೈಗೆ ಕೊಡಬಂದರು. ನಾನು ಆಗಷ್ಟೇ ಬಿ.ಎಡ್. ಮುಗಿಸಿದ ಜಾಣೆ. "ಯಾರನ್ನ ಕರೀತೀರಿ ಅತ್ತಿ? ಅಲ್ಲಿ ಯಾರೂ ಇಲ್ಲಲ್ಲ" ಎಂದೆ. ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು, ಆದರೆ ಮತ್ತೆ ಯಾವತ್ತೂ ನನ್ನ ಕೈಗೆ ತಂಬಿಗೆ ಬರಲಿಲ್ಲ. ಮಾವನವರು ಇರುವ ತನಕ ಅವರು ಓಗೊಟ್ಟರು. ಅವರು ಹೋದ ಮೇಲೆ ನನ್ನ ಗಂಡ ಒಂದು ಕೈಯಲ್ಲಿ ತಂಬಿಗೆ, ಒಂದು ಕೈಯಲ್ಲಿ ಮೊಬೈಲು ಹಿಡಿದು ಹೇಗೋ ನಡೆಸಿದ್ದರು.

ಪಾಲಕರ ಸಭೆ ನಡೆದ ವರ್ಷವೇ ಭತ್ತದ ಕಟಾವು ಮುಗಿದ ಮೇಲೆ ನನ್ನ ಗಂಡ ಊಟಕ್ಕೆ ಕೂತಾಗ ಮಾತು ತೆಗೆದರು. "ಯವ್ವ, ನಾಟಿ ಮಾಡೋದ್ರೊಳಗ ಮಸ್ಕಿ ತಗಸಬೇಕಂತ ಮಾಡೀನಿ. ಜೆಸಿಬಿ ಹಚ್ಚಿ ಸಪಾಟ ಮಾಡಿದ್ರ ಗದ್ದಿ ಒಂದ ಆಗ್ತದ."

ಅತ್ತೆ ಗಂಗಾಳದಲ್ಲಿ ಕೈ ತೊಳೆದರು. "ಮಾಡ್ರಿ. ನಿಮ್ಮ ಹೊಲ" ಎಂದರು. ಅಷ್ಟೇ. ಒಂದು ಜಗಳ ಇಲ್ಲ, ಒಂದು ಮಾತಿಲ್ಲ. ಇಷ್ಟು ಸಲೀಸಾಗಿ ಮುಗಿಯಿತಲ್ಲ ಎಂದು ನನಗೆ ಖುಷಿಯೋ ಖುಷಿ. ಗಂಡನ ಮರೆವು ಗೊತ್ತಿದ್ದುದರಿಂದ ಜೆಸಿಬಿಯವರಿಗೆ ನಾನೇ ಫೋನ್ ಮಾಡಿ, ನನಗೆ ರಜೆ ಇರುವ ಐತವಾರ ಬರಲು ಹೇಳಿದೆ. ಗ್ರಹ, ನಕ್ಷತ್ರ ಎಲ್ಲ ಬಾಯಿಪಾಠ ಇರುವ ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಲಿಲ್ಲ.

"ಐತವಾರ ಎಳ್ಳಮಾಸಿ ಐತಲ್ಲಬೇ" ಎಂದರು ಅತ್ತೆ.

ನಾಲಿಗೆ ಕಚ್ಚಿಕೊಂಡೆ. ಮುಂದೂಡೋಣವೆಂದರೆ ಜೆಸಿಬಿಯವನಿಗೆ ಬೇರೆ ದಿನ ಬಿಡುವಿಲ್ಲ. ಅವತ್ತು ಎಲ್ಲರೂ ಚರಗಕ್ಕೆ ಹೋಗುತ್ತಾರೆ, ಅದಕ್ಕೇ ಅವನು ಖಾಲಿ. ಅತ್ತೆಯೇ ನನ್ನನ್ನು ಸಮಾಧಾನ ಮಾಡಿದರು. "ಇರಲಿ ಬಿಡು, ಅದಕ್ಯಾಕ ಪರೇಶಾನ್ ಆಗ್ತಿ? ಮದಲ ಚರಗ ಚೆಲ್ತೀನಿ, ಆಮ್ಯಾಲ ನೀವು ಕೆಲಸ ಮಾಡ್ರಿ."

ಐತವಾರ ಮುಂಜಾನೆ ಅತ್ತೆ ಒಲೆ ಮುಂದೆ ಕೂತು ಎಳ್ಳು ಹಚ್ಚಿದ ರೊಟ್ಟಿ ಬಡಿಯುತ್ತಿದ್ದರು. ನಾನು ನಿಂತೇ ಒಂದು ರೊಟ್ಟಿ ಮುಗಿಸಿದೆ. ಎಂಥ ರುಚಿ ಅಂತೀರಿ! "ಅತ್ತಿ, ಈ ಜ್ವಾಳ ಎಲ್ಲಿಂದು? ಭಾಳ ರುಚಿ ಐತಿ."

"ಬೀಜದ್ದು."

ನನಗೆ ತಿಳಿಯಲಿಲ್ಲ. ಆಮೇಲೆ ಮೂಲೆಯ ಮಾಡದ ಕಡೆ ನೋಡಿದೆ. ಅಲ್ಲಿ ಒಂದು ಮಣ್ಣಿನ ಗಡಿಗೆ ಇರುತ್ತಿತ್ತು. ಬೂದಿ, ಬೇವಿನ ಎಲೆ ಬೆರೆಸಿ, ಬಾಯಿಗೆ ಬಟ್ಟೆ ಕಟ್ಟಿ ಅತ್ತೆ ಅದರಲ್ಲಿ ಬೀಜದ ಜೋಳ ಇಡುತ್ತಿದ್ದರು. ಬಿತ್ತಿ ಮಿಕ್ಕಿದ್ದನ್ನೂ ಆಪತ್ತಿಗೆ ಬೇಕೆಂದು ಕಾಯುತ್ತಿದ್ದರು. ನಾವು ಯಾರೂ ಮುಟ್ಟುವ ಹಾಗಿರಲಿಲ್ಲ. ಈಗ ಗಡಿಗೆ ತೊಳೆದು ಬೋರಲು ಹಾಕಿತ್ತು.

"ಬೀಜ ಬೀಸಿಸಿಬಿಟ್ರೇನ್ರಿ?"

"ಬಿತ್ತಾಕ ಜಾಗ ಇಲ್ಲಂದಮ್ಯಾಲ ಬೀಜ ಇಟ್ಕೊಂಡು ಏನ್ ಮಾಡ್ಲಿ? ನುಸಿ ತಿನ್ನೋಕಿಂತ ನೀವು ತಿಂದ್ರ ಚಲೋ. ಇನ್ನೊಂದು ಹಾಕ್ಲೇನು?"

ಬೇಡವೆಂದು ತಲೆಯಾಡಿಸಿದೆ. ತವರಿನಿಂದ ಬಂದ ಬೀಜ ಅದು. ಒಂದು ವರ್ಷವೂ ತಪ್ಪದೆ ನೆಲಕ್ಕೆ ಹೋಗಿ ಮತ್ತೆ ಗಡಿಗೆಗೆ ಬಂದದ್ದು. ಅದರ ಕೊನೆಯ ಹಿಟ್ಟಿನ ರೊಟ್ಟಿಯನ್ನು ನಾನು ನಿಂತುಕೊಂಡು, ಚಟ್ನಿ ಹಚ್ಚಿಕೊಂಡು ತಿಂದಿದ್ದೆ. ಬಹಳ ನಾಚಿಕೆಯಾಯಿತು. ಆದರೂ ಬುಟ್ಟಿ ಎತ್ತಿಕೊಂಡು ಎಲ್ಲರ ಜೊತೆ ಆಟೋ ಹತ್ತಿದೆ.

ಹೊಲದಲ್ಲಿ ಹಳದಿ ಜೆಸಿಬಿ ನಮಗಿಂತ ಮೊದಲೇ ಬಂದು ನಿಂತಿತ್ತು. ಸುತ್ತ ಭತ್ತ ಕೊಯ್ದ ಬೋಳು ನೆಲ. ನಡುವೆ ದಿಬ್ಬದ ಮೇಲೆ ಜೋಳ ಎದೆಯೆತ್ತರ ನಿಂತು ತೆನೆಯಲ್ಲಿ ಹಾಲು ತುಂಬಿಕೊಂಡಿತ್ತು. ಗುಬ್ಬಿಗಳು ತಮ್ಮ ಸ್ವಂತ ಮನೆ ಎಂಬಂತೆ ಕಿಚಿಪಿಚಿ ಎನ್ನುತ್ತಿದ್ದವು. ಅತ್ತೆ ಡ್ರೈವರನನ್ನು ಕರೆದು, "ಬಾಪ್ಪ, ಮದಲ ಉಣ್ಣು" ಎಂದು ಕಡುಬು, ಪುಂಡಿಪಲ್ಯ ಬಡಿಸಿದರು. ದಿಬ್ಬ ಕೀಳಲು ಬಂದವನಿಗೆ ತುಪ್ಪ ಬೇರೆ! ಅವನು ಉಂಡು ಕೈ ತೊಳೆದು ಗಾಡಿಯ ನೆರಳಲ್ಲಿ ಕೂತ. ನನ್ನ ಗಂಡ ಬದುವಿನ ಆ ತುದಿಯಲ್ಲಿ ಯಾರೊಂದಿಗೋ ಫೋನಿನಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದರು.

ಅತ್ತೆ ಬುಟ್ಟಿ ಎತ್ತಿಕೊಂಡು ದಿಬ್ಬ ಹತ್ತಿದರು. ಮಗ ಬರುತ್ತಾನೆಂದು ತಂಬಿಗೆಯನ್ನು ಬುಡದಲ್ಲೇ ಇಟ್ಟಿದ್ದರು. ಒಂದು ಹಿಡಿ ತೆಗೆದು ಜೋಳದ ಮೇಲೆ ಬೀಸಿ ಕೂಗಿದರು.

"ಹುಲ್ಲುಲ್ಲಿಗೋ!"

ಯಾರೂ ಓ ಅನ್ನಲಿಲ್ಲ. ಹಿಂದೆ ತಿರುಗಿ ನೋಡಿದರು. ಮಗ ಇನ್ನೂ ಫೋನಿನಲ್ಲಿ. ಓಗೊಡದೆ ಮುಂದಿನ ಹೆಜ್ಜೆ ಇಡುವ ಹಾಗಿಲ್ಲ, ಅದು ರೂಢಿ. ಕೈಯಲ್ಲಿ ಇನ್ನೊಂದು ಹಿಡಿ ಚರಗ ಹಿಡಿದು ಅಲ್ಲೇ ನಿಂತರು. ಮತ್ತೊಮ್ಮೆ ಕೂಗಿದರು, ಈ ಸಲ ಸ್ವಲ್ಪ ಸಣ್ಣ ದನಿಯಲ್ಲಿ.

"ಹುಲ್ಲುಲ್ಲಿಗೋ..."

ಮೈಕಿನ ಮುಂದೆ ನಾನು ಹೇಳಿದ್ದು ನೆನಪಾಯಿತು. ದೊಡ್ಡ ದೊಡ್ಡ ಆಂಟೆನಾ ಇಟ್ಟುಕೊಂಡವರ ಬಗ್ಗೆ ಅಷ್ಟು ಮರುಕದಿಂದ ಮಾತಾಡಿದವಳು ನಾನು. ಕರೆದು ಕರೆದು ಕಾಯುತ್ತಿರುವವರು ನನ್ನ ಮುಂದೆ ಹತ್ತು ಮಾರು ದೂರದಲ್ಲಿ ನಿಂತಿದ್ದರು. 'ಅಲ್ಲಿ ಯಾರೂ ಇಲ್ಲಲ್ಲ' ಎಂದು ಹೇಳಿದವಳೂ ನಾನೇ. ಮತ್ತೆ ನಾನೇನು ಇಲ್ಲಿ ಹುಟ್ಟಿದವಳೇ? ಜೋಳದ ಸೀಮೆ ಲಿಂಗಸುಗೂರಿನಿಂದ ಮದುವೆಯಾಗಿ ಬಂದ ವರ್ಷ ಈ ಊರಿನ ಸೊಳ್ಳೆಗೆ ಹೆದರಿ, ಅನ್ನ ಕಂಡರೆ ಮುಖ ತಿರುಗಿಸಿ ಬಚ್ಚಲಲ್ಲಿ ನಿಂತು ಅತ್ತಿದ್ದೆ. ಆಗ ಕೇಳದೆಯೇ ನನ್ನ ತಟ್ಟೆಗೆ ಬಿಸಿ ರೊಟ್ಟಿ ಬೀಳುತ್ತಿತ್ತು. ಅದು ಈ ದಿಬ್ಬದ ಜೋಳದ್ದು. ಅಷ್ಟು ವರ್ಷ ತಿಂದೆ, ಎಲ್ಲಿಂದ ಬಂತು ಎಂದು ಅವತ್ತು ಮುಂಜಾನೆಯ ತನಕ ಕೇಳಿರಲಿಲ್ಲ.

ಚಪ್ಪಲಿ ಬಿಟ್ಟು ತಂಬಿಗೆ ಎತ್ತಿಕೊಂಡೆ. ಮುಳ್ಳು ಚುಚ್ಚಿತು. ಹಾವಿನ ಬಿಲ ಇದ್ದರೆ ಇರಲಿ ಎಂದು ದಿಬ್ಬ ಹತ್ತಿದೆ. ಮೈಕಿಲ್ಲದೆ ಕೂಗಿ ಅಭ್ಯಾಸವಿಲ್ಲ, ದನಿ ಒಡೆಯಿತು.

"ಚಳ್ಳಂಬ್ರಿಗೋ!"

ಅತ್ತೆ ಗಕ್ಕನೆ ತಿರುಗಿದರು. ಬಾಯಿ ತೆರೆದೇ ಇತ್ತು. ಹಾಗೇ ಮುಂದೆ ಹೆಜ್ಜೆ ಇಟ್ಟರು, ಹಕ್ಕಿಗೆ, ಇರುವೆಗೆ, ಇಲಿಗೆ, ಹಾವಿಗೆ, ಹೆಸರು ಗೊತ್ತಿಲ್ಲದವಕ್ಕೆಲ್ಲ ಹಿಡಿ ಹಿಡಿ ಚೆಲ್ಲಿದರು. ನಾನು ಹಿಂದೆ ಹಿಂದೆ ನೀರು ಚಿಮುಕಿಸಿದೆ. ಮೂರನೇ ಸುತ್ತಿಗೆ ಜೆಸಿಬಿಯ ಕಡೆಯಿಂದಲೂ "ಚಳ್ಳಂಬ್ರಿಗೋ" ಕೇಳಿಸಿತು. ಡ್ರೈವರ್ ಎದ್ದು ನಿಂತು ಬಾಯಿಗೆ ಕೈ ಹಚ್ಚಿ ಕೂಗುತ್ತಿದ್ದ. ಆಮೇಲೆ ಉಮೇದಿ ಹೆಚ್ಚಾಗಿ ಗಾಡಿ ಹತ್ತಿ ಹಾರ್ನ್ ಕೂಡ ಹೊಡೆದ. ಗುಬ್ಬಿಗಳೆಲ್ಲ ಭರ್ರನೆ ಎದ್ದು ಮತ್ತೆ ಅಲ್ಲಿಯೇ ಕೂತವು.

ಚರಗ ಮುಗಿಯಿತು. ಅತ್ತೆ ಖಾಲಿ ಬುಟ್ಟಿ ಕೊಡವಿ ದಿಬ್ಬ ಇಳಿದು, "ಆತು, ಇನ್ನ ಶುರು ಮಾಡ್ರಿ" ಎಂದರು. ಡ್ರೈವರ್ ನನ್ನ ಮುಖ ನೋಡಿದ. ಫೋನ್ ಮಾಡಿದವಳು ನಾನಲ್ಲವೇ.

"ಮಾಡೋದಿಲ್ಲಪ್ಪ. ನೀ ಹೋಗು" ಎಂದೆ.

ಅಷ್ಟರಲ್ಲಿ ನನ್ನ ಗಂಡ ಓಡೋಡಿ ಬಂದರು. "ಯಾಕ? ಏನಾತು? ಅವನಿಗೆ ಬಾ ಅಂದಾಕಿ ನೀನ ಅಲ್ಲೇನು?"

"ಹೌದ್ರಿ, ನಾನ ಅಂದಿದ್ದೆ. ಈಗ ನಾನ ಬ್ಯಾಡ ಅನ್ನಾಕತ್ತೀನಿ."

"ತಲಿ ಕೆಟ್ಟೈತೇನು ನಿನಗ? ಒಂದು ಕಾರಣ ಹೇಳು."

ವಿಜ್ಞಾನದ ಕಾರಣ ಹತ್ತು ಹೇಳಬಹುದಿತ್ತು. ಅವತ್ತು ಒಂದೂ ಬಾಯಿಗೆ ಬರಲಿಲ್ಲ. "ಅತ್ತಿ ಬೀಜದ ಜ್ವಾಳ ಬೀಸಿಸಿ ನಮಗ ರೊಟ್ಟಿ ಹಾಕ್ಯಾರ" ಎಂದೆ. ಹೇಳುವಾಗ ಅಳು ಬಂದೇ ಬಿಟ್ಟಿತು.

ಗಂಡ ತಾಯಿಯ ಮುಖ ನೋಡಿದರು, ದಿಬ್ಬ ನೋಡಿದರು, ಮುಂಜಾನೆ ತಾವು ಮೂರು ರೊಟ್ಟಿ ತಿಂದದ್ದು ನೆನಪಾಯಿತೇನೋ, ಹೊಟ್ಟೆ ಮೇಲೆ ಕೈ ಹೋಯಿತು. "ಯವ್ವ, ಒಂದು ಮಾತು ಹೇಳಬಾರದಿತ್ತೇನಬೇ?" ಎಂದರು.

"ನೀವು ಕೇಳಿದ್ರೇನು?" ಎಂದರು ಅತ್ತೆ. ಸಿಟ್ಟಿನಿಂದಲ್ಲ, ತಂಬಿಗೆ ತೊಳೆಯುತ್ತ ಸುಮ್ಮನೆ ಹೇಳಿದರು.

ಜೆಸಿಬಿ ಬಂದ ದಾರಿ ಹಿಡಿಯಿತು. ಡ್ರೈವರ್ ಬುತ್ತಿಗೆ ಎರಡು ರೊಟ್ಟಿ ಕಟ್ಟಿಸಿಕೊಂಡೇ ಹೋದ.

ಆ ವರ್ಷದ ಪರೀಕ್ಷೆಯಲ್ಲಿ ನನ್ನ ಶಾಲೆಯ ಮಕ್ಕಳಲ್ಲಿ ಅರ್ಧದಷ್ಟು ಮಂದಿ 'ಅನ್ನಗ್ರಹ' ಎಂದೇ ಬರೆದಿದ್ದರು. ಕೆಂಪು ಪೆನ್ನು ತಡವಿಲ್ಲದೆ ಕೆಲಸ ಮಾಡಿತು. ಒಬ್ಬ ಹುಡುಗಿ ಮಾತ್ರ 'ಈತನಕ ಗೊತ್ತಿರುವ ಅನ್ನಗ್ರಹ ಭೂಮಿ ಒಂದೇ' ಎಂದು ಬರೆದಿದ್ದಳು. ಅಲ್ಲಿ ಪೆನ್ನಿನ ಕ್ಯಾಪು ಹಾಕಿದೆ. ಕೊನೆಗೆ ಅರ್ಧ ಅಂಕ ಕೊಟ್ಟೆ. ಪೂರ್ತಿ ಕೊಡಲು ನನ್ನ ಸ್ವಭಾವ ಬಿಡಲಿಲ್ಲ.

ಜೋಳ ಬಲಿಯುವ ಹೊತ್ತಿಗೆ ಒಂದು ಐತವಾರ ನಾನೇ ಹೊಲಕ್ಕೆ ಹೋದೆ. ದೂರದಿಂದಲೇ ಕಾಣಿಸಿತು, ಅತ್ತೆ ದಿಬ್ಬದ ಮೇಲೆ ನಿಂತು ಒಳ್ಳೊಳ್ಳೆಯ ತೆನೆ ಆರಿಸಿ, ಹಕ್ಕಿ ಮುಟ್ಟದಂತೆ ಬೀಜಕ್ಕೆಂದು ಬಟ್ಟೆ ಕಟ್ಟುತ್ತಿದ್ದರು. ಹತ್ತಿರ ಹೋದಾಗ ಬಟ್ಟೆಯ ಗುರುತು ಹತ್ತಿತು. ಪಾಲಕರ ಸಭೆಗೆ ನಾನು ಉಟ್ಟಿದ್ದ ಸೀರೆ! ಅಯ್ಯೋ, ಇನ್ನೂ ನಾಲ್ಕು ಸಲವೂ ಉಟ್ಟಿರಲಿಲ್ಲ. ಕೆಂಡದಂಥ ಸಿಟ್ಟು ಬಂತು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನನ್ನು ನೋಡಿ, ತೆನೆ ಕೈಬಿಟ್ಟು, ಗಂಟಲೆತ್ತಿ ಕೂಗಿದರು.

"ಏ ಅನ್ನಗ್ರಹದಾಕಿ!"

"ಓ" ಎಂದೆ.